ಮುಳುಗಪ್ಪನ ಕೈಗಳು

ಅವನ ನಿಜವಾದ ಹೆಸರು ಸಂಬಳ ಕೊಡುವವರಿಗೆ ಮಾತ್ರ ಗೊತ್ತಿತ್ತು. ಬಂದರಿನ ದೋಣಿ ಶಾಲೆಯಲ್ಲಿ ಎಲ್ಲರ ಬಾಯಲ್ಲೂ ಅವನು ಮುಳುಗಪ್ಪ. ಒಡೆದ ದೋಣಿಗಳಿಗೆ ತೇಪೆ ಹಾಕುವುದು, ಉಪ್ಪುನೀರು ಕುಡಿದ ಜಾಕೆಟ್ಟುಗಳನ್ನು ತೊಳೆದು ಹಿಂದಿನ ಕೋಣೆಯಲ್ಲಿ ಒಣಹಾಕುವುದು ಅವನ ದಿನದ ಕೆಲಸ. ಪರೀಕ್ಷೆಯ ದಿನ ಮಾತ್ರ ಬೇರೆ ಕೆಲಸವಿತ್ತು. ಅವತ್ತು ಅವನು ಮುಳುಗಬೇಕಿತ್ತು.

ಅಲ್ಲಿ ಕಲಿಸುತ್ತಿದ್ದದ್ದು ಕಯಾಕ್. ಒಬ್ಬರೇ ಕಾಲು ಚಾಚಿ ಕೂತು, ಎರಡು ತುದಿಗೂ ಹಲಗೆಯಿರುವ ಹುಟ್ಟಿನಿಂದ ನಡೆಸುವ ಸಪೂರ ದೋಣಿ. ಪ್ರವಾಸಿಗಳನ್ನು ಸಮುದ್ರಕ್ಕೆ ಕರೆದೊಯ್ಯುವ ಮಾರ್ಗದರ್ಶಿ ಆಗಬೇಕೆಂದರೆ, ದೋಣಿ ಮಗುಚಿ ಗಾಬರಿಯಲ್ಲಿ ಕೈಕಾಲು ಬಡಿಯುವವರನ್ನು ಕಾಪಾಡಿ ತೋರಿಸಬೇಕು. ಆ ಗಾಬರಿ ಬಿದ್ದವನ ಪಾತ್ರ ಮೊದಲಿನಿಂದಲೂ ಮುಳುಗಪ್ಪನದೇ. ದೋಣಿ ಮಗುಚಿ, "ಅಯ್ಯೋ ಸತ್ತೇ, ಯಾರಾದ್ರೂ ಹಿಡ್ಕೊಳ್ರೋ!" ಎಂದು ಅವನು ಅರಚಿದರೆ ದಡದಲ್ಲಿದ್ದವರ ಎದೆ ಒಮ್ಮೆ ಝಲ್ಲೆನ್ನುತ್ತಿತ್ತು. ಸೀಟಿ ಊದಿದ ಕೂಡಲೇ ಅದೇ ಬಾಯಿ ಕಿವಿಯವರೆಗೆ ಹರಡಿ ನಗುತ್ತಿತ್ತು.

"ಏನಪ್ಪಾ, ಇವತ್ತು ಎಷ್ಟು ಸಲ ಸತ್ತೆ?" ಎಂದು ಬಲೆ ಹೆಣೆಯುವವರು ಕೇಳುವರು.

"ಊಟಕ್ಕೆ ಮುಂಚೆ ಮೂರು ಸಲ ಸತ್ತೆ. ಊಟ ಆದ್ಮೇಲೆ ಸಾಯೋಕೆ ಆಗಲ್ಲ, ಹೊಟ್ಟೆ ತೇಲುತ್ತೆ."

ಪರೀಕ್ಷೆ ನಡೆಸುವ ಹೆಂಗಸಿಗೆ ಸೀಟಿ ಮೇಡಂ ಎಂದು ಹೆಸರು. ಶಿಸ್ತಿನ ಹೆಂಗಸು, ಸುಮ್ಮಸುಮ್ಮನೆ ಯಾರನ್ನೂ ಪಾಸು ಮಾಡಿದವಳಲ್ಲ. ಆದರೂ ಅವಳ ಕಣ್ಣಿಗೆ ಬೀಳದ ಒಂದು ಸಂಗತಿಯಿತ್ತು. ಕಾಪಾಡಲು ಬಂದವರು "ನನ್ನ ಹಿಡೀಬೇಡಿ, ದೋಣಿ ಮೂತಿ ಹಿಡೀರಿ" ಎಂದು ಕೂಗಿದೊಡನೆ ಮುಳುಗಪ್ಪನ ಹಿಡಿತ ತಾನಾಗಿ ಸಡಿಲವಾಗಿ, ಕೈಗಳು ದೋಣಿಯ ಮೂತಿಯತ್ತ ಹೋಗುತ್ತಿದ್ದವು. ನೀರಿನಿಂದ ಮೇಲೆಳೆಯುವಾಗ ಅವನ ಕಾಲು ಮೆಲ್ಲಗೆ ನೀರನ್ನು ತುಳಿದು ಎಳೆಯುವವರ ಭಾರ ಇಳಿಸುತ್ತಿತ್ತು. ಬೇಕೆಂದು ಮಾಡಿದ್ದಲ್ಲ. ಗಾಣದ ಎತ್ತಿಗೆ ತಿರುವು ಗೊತ್ತಿರುವಂತೆ ಅವನ ಮೈಗೆ ಪರೀಕ್ಷೆ ಗೊತ್ತಾಗಿಬಿಟ್ಟಿತ್ತು. ಆ ಬಂದರಿನ ಮಾರ್ಗದರ್ಶಿಗಳೆಲ್ಲ ಮುಳುಗಪ್ಪನನ್ನು ಕಾಪಾಡುವುದನ್ನು ಚೆನ್ನಾಗಿ ಕಲಿತಿದ್ದರು. ಬೇರೆ ಯಾರನ್ನೂ ಕಾಪಾಡಿ ನೋಡಿರಲಿಲ್ಲ.

ಅವನ ಅಳಿಯ ಪಾಸಾದದ್ದೂ ಹೀಗೆಯೇ. ಮಾವನನ್ನು ಕಾಪಾಡಿ ಕೆಲಸ ಗಿಟ್ಟಿಸಿದ ಅಳಿಯ ಎಂದು ಇಡೀ ಬಂದರು ನಕ್ಕಿತ್ತು. ಹೋದ ಚಳಿಗಾಲದಲ್ಲಿ ಬಂಡೆಗಳಾಚೆ ಒಬ್ಬ ಪ್ರವಾಸಿಯ ದೋಣಿ ಮಗುಚಿತು. ಅಳಿಯ ಹತ್ತಿರ ಹೋಗಿ ಕೈ ಚಾಚಿದ. ಪ್ರವಾಸಿ ಬದುಕಿ ಬಂದ. ಅಳಿಯ ಎರಡು ದಿನದ ನಂತರ ದಡಕ್ಕೆ ತೇಲಿ ಬಂದ.

ಆ ಪ್ರವಾಸಿ ಮನೆಯವರೆಗೂ ಬಂದಿದ್ದ. ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಕೊಟ್ಟ ಕುರ್ಚಿಯಲ್ಲಿ ಕೂರದೆ, ಬಾಗಿಲ ಚೌಕಟ್ಟು ಹಿಡಿದು ನಿಂತೇ ಹೇಳಿದ: "ಅವ್ರು ನನ್ನ ಬಿಡಿ ಅಂತ ಕೂಗಿದ್ರು. ನಂಗೆ ಸ್ಪಷ್ಟವಾಗಿ ಕೇಳಿಸ್ತು ಸಾರ್. ಆದ್ರೆ ಕೈಗಳು ನನ್ನ ಮಾತು ಕೇಳ್ಲಿಲ್ಲ."

ಮುಳುಗಪ್ಪ ಆಗ ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡ. ಆ ಕೈಗಳು ಯಾವತ್ತೂ ಎಲ್ಲರ ಮಾತನ್ನೂ ಕೇಳಿದ್ದವು.

ವರ್ಷ ತುಂಬುವ ಮೊದಲೇ ಮಗಳು ಪರೀಕ್ಷೆಗೆ ಕೂರುವುದಾಗಿ ಹೇಳಿದಳು. ಅವಳು ಶಾಲೆಯಲ್ಲಿ ಟಿಕೆಟ್ ಕೊಡುತ್ತಿದ್ದಳು. ಪಾಸಾದರೆ ಗಂಡನ ಜಾಗ ಅವಳಿಗೆ ಸಿಗುವುದಿತ್ತು. ಅವಳ ತಾಯಿ ಒಲೆಯ ಮುಂದಿನಿಂದ ತಿರುಗದೆಯೇ ಕೇಳಿದಳು, "ಒಬ್ಬನ್ನ ಕೊಟ್ಟಿದ್ದು ಸಾಲ್ದಾ?"

"ಅಮ್ಮಾ, ಟಿಕೆಟ್ ಹರೀತಾ ಕೂತ್ರೂ ಕಣ್ಣೆದುರಿಗೆ ಅದೇ ಸಮುದ್ರ ಇರುತ್ತೆ. ನಂಗೆ ಇನ್ನು ಹೀಗೆ ದಡದಲ್ಲಿ ಕೂರೋಕಾಗಲ್ಲ."

ಮಗಳು ಕೆಳಗೆ ಹೋದ ಮೇಲೆ ಹೆಂಡತಿ ಅವನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು, "ರೀ, ಅವಳನ್ನ ಫೇಲ್ ಮಾಡ್ಸಿ. ನಿಮ್ಮ ಕೈಲೇ ಇದೆಯಲ್ಲ. ನಿಮ್ಮನ್ನ ಬೈಕೊಂಡಾದ್ರೂ ಜೀವ ಇಟ್ಕೊಂಡಿರ್ಲಿ."

ಮಾರನೆಯ ದಿನ ಜಾಕೆಟ್ಟುಗಳ ಕೋಣೆಗೆ ಮಗಳೇ ಬಂದಳು. ತೊಟ್ಟಿಕ್ಕುವ ತೋಳುಗಳ ನಡುವೆ ನಿಂತು ಮುಖ ನೋಡದೆ ಹೇಳಿದಳು, "ಅಪ್ಪಾ, ಅವ್ರಿಗೆ ಮಾಡಿದ ಹಾಗೆ ನಂಗೆ ಸಲೀಸು ಮಾಡ್ಬೇಡ."

ಅಷ್ಟೇ ಅಂದದ್ದು. ಅವನಿಗೆ ಮುಖಕ್ಕೆ ಹೊಡೆದಂತಾಯಿತು. ಇವಳಿಗೆ ಗೊತ್ತಿದೆ! ಇಷ್ಟು ದಿನ ಅದನ್ನು ನುಂಗಿಕೊಂಡೇ ಒಂದೇ ಮನೆಯಲ್ಲಿ ಉಂಡಿದ್ದಾಳೆ.

ಅವಳನ್ನು ಫೇಲು ಮಾಡಿಸುವುದು ಅವನಿಗೆ ಕಷ್ಟವಿರಲಿಲ್ಲ, ಪಾಸು ಮಾಡಿಸುವುದೂ ಕಷ್ಟವಿರಲಿಲ್ಲ. ಅಪರಿಚಿತನಾಗುವುದು ಮಾತ್ರ ಹೇಗೆಂದು ಗೊತ್ತಾಗಲಿಲ್ಲ. ಅವಳು ಒಂದು ಸಲ "ಬಿಡಿ" ಅಂದರೆ ಸಾಕು, ಈ ಹಾಳು ಕೈಗಳು ಬಿಟ್ಟುಬಿಡುತ್ತವೆ. ಯೋಚಿಸಿ ಯೋಚಿಸಿ ಕೊನೆಗೆ, ಮರೆತುಹೋದ ಸಾಮಾನುಗಳ ಪೆಟ್ಟಿಗೆಯಿಂದ ಈಜುಗಾರರು ಕಿವಿಗೆ ಸಿಕ್ಕಿಸಿಕೊಳ್ಳುವ ರಬ್ಬರ್ ಬಿರಡೆಗಳನ್ನು ಹುಡುಕಿ ತೆಗೆದ. ಮಾತು ಕೇಳಿಸಿದರೆ ತಾನೇ ಕೈ ಕೇಳುವುದು? ಯಾರಿಗೂ ಹೇಳಲಿಲ್ಲ.

ಪರೀಕ್ಷೆಯ ದಿನ ಬೂದಿ ಬಣ್ಣದ ಬೆಳಗು. ತಡೆಗೋಡೆಯಾಚೆ ಅಲೆಗಳು ಸಣ್ಣವಾದರೂ ಒಂದರ ಬೆನ್ನಿಗೊಂದು ಬರುತ್ತಿದ್ದವು. ಸೀಟಿ ಮೇಡಂ ಸ್ವಲ್ಪ ದೂರದಲ್ಲಿ ಮೋಟಾರು ದೋಣಿ ನಿಲ್ಲಿಸಿಕೊಂಡು ಕೂತಳು. ಪರೀಕ್ಷೆಗೆ ಬಂದವಳು ಮಗಳೊಬ್ಬಳೇ. ಮುಳುಗಪ್ಪ ಬಿರಡೆ ಸಿಕ್ಕಿಸಿ, ಮೇಲೆ ಶಿರಸ್ತ್ರಾಣ ಬಿಗಿದು, ದೋಣಿ ಮಗುಚಿದ.

ಹೊರಬಂದಾಗ ಲೋಕವೆಲ್ಲ ಮೂಕವಾಗಿತ್ತು. ತನ್ನ ಕಿರುಚಾಟ ತನ್ನ ತಲೆಬುರುಡೆಯೊಳಗೇ ಸುತ್ತುತ್ತಿತ್ತು. ಮಗಳ ದೋಣಿ ಬಂದು, ತೋಳಿನ ಅಳತೆಗೆ ಸಿಗದಷ್ಟು ದೂರದಲ್ಲಿ ನಿಂತಿತು. ಅವನು ಮುನ್ನುಗ್ಗಿದಂತೆಲ್ಲ ಅವಳು ಹಿಂದಕ್ಕೆ ಹುಟ್ಟು ಹಾಕಿದಳು. ಮುಖದಲ್ಲಿ ಒಂದಿಷ್ಟೂ ಕರುಣೆಯಿರಲಿಲ್ಲ. ಅವನ ರಟ್ಟೆ ಸೋಲುವವರೆಗೂ ಕಾದಳು. ಆಮೇಲಷ್ಟೇ ದೋಣಿಯ ಮೂತಿಯನ್ನು ಅವನೆದುರು ತಂದಳು. ಅವನು ಅದನ್ನು ತಬ್ಬಿ, ಕಣ್ಣು ಮುಚ್ಚಿ, ತಲೆಯೂರಿದ. ಭೇಷ್ ಮಗಳೇ ಅಂದುಕೊಂಡ.

ಆಗ ಮೇಡಂ ಸೀಟಿ ಊದಿದಳು. ಪರೀಕ್ಷೆ ಮುಗಿಯಿತು, ಪಾಸು.

ಮುಳುಗಪ್ಪನಿಗೆ ಅದು ಕೇಳಿಸಲಿಲ್ಲ.

ಸೀಟಿ ಆಯಿತೆಂದರೆ ಮುಳುಗುವವನು ಮತ್ತೆ ಮಾಮೂಲಿ ಮನುಷ್ಯ, ಇದು ಆ ಶಾಲೆಯ ಎಲ್ಲರ ರೂಢಿ. ಮಗಳೂ ಹುಟ್ಟನ್ನು ದೋಣಿಗೆ ಸಿಕ್ಕಿಸಿ ನಿರಾಳವಾದಳು. "ಬಾ ಅಪ್ಪಾ, ಮುಗೀತು" ಎನ್ನುತ್ತ ಮುಂದಕ್ಕೆ ಬಾಗಿ ಕೈ ಚಾಚಿದಳು.

ಅವನು ಕಣ್ಣು ತೆರೆದಾಗ ಕಂಡದ್ದು ಆ ಕೈ. ಅಳಿಯ ಚಾಚಿದ್ದೂ ಹೀಗೆಯೇ. ಕೊನೆಗೂ ಇವಳು ಅದೇ ತಪ್ಪು ಮಾಡಿದಳಲ್ಲ ಎಂಬ ಸಿಟ್ಟಿನಲ್ಲಿ ಮಣಿಕಟ್ಟು ಹಿಡಿದು ಬಲವಾಗಿ ಜಗ್ಗಿದ. ದೋಣಿ ಮಗುಚಿತು. ಅದರ ಅಂಚು ಅವನ ಹುಬ್ಬಿಗೆ ಬಡಿಯಿತು. ಬಾಯಿ ತೆರೆದಿದ್ದಾಗಲೇ ಅಲೆಯೊಂದು ಬಂದು ಗಂಟಲಿಗೆ ನುಗ್ಗಿತು.

ಅಲ್ಲಿಂದಾಚೆಗೆ ನಟನೆ ಇರಲಿಲ್ಲ. ಉಸಿರು ಸಿಗಲಿಲ್ಲ. ಮಗುಚಿದ ದೋಣಿಯ ಬೆನ್ನನ್ನೇರಿ ಅಪ್ಪಿಕೊಂಡ. ಕೆಳಗೆ ನೀರೊಳಗೆ, ಅವನ ಮುಷ್ಟಿಯಲ್ಲಿ, ಅವಳ ಮಣಿಕಟ್ಟು ಎಳೆಯುತ್ತಿತ್ತು, ತಿರುಚುತ್ತಿತ್ತು. ಬಿಡಬೇಕು, ಮಗಳು ಸಾಯುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಬೆರಳುಗಳಿಗೆ ಗೊತ್ತಿರಲಿಲ್ಲ. ಅವಳು ಹೇಗೋ, ದೋಣಿಯೊಳಗೆ ನೀರು ಬರದಂತೆ ಸೊಂಟಕ್ಕೆ ಬಿಗಿದಿದ್ದ ಹೊದಿಕೆ ಕಿತ್ತುಕೊಂಡು ದೋಣಿಯಿಂದ ಹೊರಬಿದ್ದು ಮೇಲೆ ಬಂದಳು. ಅವನು ಅವಳ ಹೆಗಲನ್ನೇ ಹತ್ತಿದ. ಅವಳ ತಲೆ ಮತ್ತೆ ನೀರಿಗಿಳಿಯಿತು.

ಆಗ ಎರಡು ಕಾಲು ಒಟ್ಟಿಗೆ ಅವನ ಎದೆಗೆ ಬಂದು ಅಪ್ಪಳಿಸಿದವು.

ಇಷ್ಟು ವರ್ಷಗಳಲ್ಲಿ ಅವನನ್ನು ಯಾರೂ ಒದ್ದಿರಲಿಲ್ಲ. ಮುಳುಗಪ್ಪನನ್ನು ಯಾಕಾದರೂ ಒದೆಯಬೇಕು? ಹಿಡಿತ ಕಳಚಿತು. ಅವನು ಅಂಗಾತ ತೇಲಿ ಕೆಮ್ಮುತ್ತಿದ್ದಾಗ ಅವರಿಬ್ಬರ ನಡುವೆ ದೋಣಿ ಅಡ್ಡವಿತ್ತು. ಆಚೆ ಅಂಚಿನಲ್ಲಿ ಮಗಳ ಮುಖ. ಬಾಯಿ ಏನೋ ಹೇಳುತ್ತಿತ್ತು. ಅವಳು ಹತ್ತಿರ ಬರಲಿಲ್ಲ. ಮೋಟಾರು ದೋಣಿ ಬರುವವರೆಗೂ ದೋಣಿಯನ್ನು ಗುರಾಣಿಯ ಹಾಗೆ ತಿರುಗಿಸಿ ಹಿಡಿದೇ ಇದ್ದಳು.

ದಡದಲ್ಲಿ ಸೀಟಿ ಮೇಡಂ ಅವನ ಶಿರಸ್ತ್ರಾಣ ಬಿಚ್ಚಿ, ಬಿರಡೆಗಳನ್ನು ಕಿತ್ತು ಅಂಗೈಯಲ್ಲಿ ಹಿಡಿದು ನೋಡಿದಳು.

"ನಿಮಗೇನು ತಲೆ ಕೆಟ್ಟಿದೆಯೇನ್ರೀ? ಹೆತ್ತ ಮಗಳನ್ನ ಕೊಲ್ತಿದ್ರಲ್ಲ! ಇನ್ಮೇಲೆ ನೀವು ನೀರಿಗಿಳಿಯೋ ಹಾಗಿಲ್ಲ." ಮಗಳ ಕಡೆ ತಿರುಗಿ, "ನೀನು ಪಾಸಮ್ಮ. ಆಮೇಲೆ ಆಗಿದ್ದು ಲೆಕ್ಕಕ್ಕಿಲ್ಲ" ಅಂದಳು.

ಮಗಳು ಹಲ್ಲು ಕಟಕಟಿಸುತ್ತ ಕಂಬಳಿಯೊಳಗೆ ಕೂತಿದ್ದಳು. ಮಣಿಕಟ್ಟಿನ ಮೇಲೆ ನಾಲ್ಕು ಬೆರಳು ಕೆಂಪಗೆ ಎದ್ದಿದ್ದವು. "ಮೊದ್ಲು ಆಗಿದ್ದು ಲೆಕ್ಕಕ್ಕಿಲ್ಲ ಮೇಡಂ" ಎಂದಳು.

ಮನೆಗೆ ಅವನು ಒಬ್ಬನೇ ಹೋದ. ಹೆಂಡತಿ ಅಕ್ಕಿ ಆರಿಸುತ್ತ ಕೂತಿದ್ದಳು.

"ಪಾಸು" ಎಂದ.

ಅವಳ ಕೈ ನಿಂತಿತು. "ಗೊತ್ತಿತ್ತು. ಬಿಟ್ಟುಕೊಟ್ಟು ಬಂದ್ರಿ."

ಅವನು ಅಂಗಿ ಬಿಚ್ಚಲು ಹೋದ, ತೋಳು ಮೇಲೇಳಲಿಲ್ಲ. ಅವಳು ಗೊಣಗುತ್ತ ಎದ್ದು ಬಂದು ಅಂಗಿ ಎಳೆದಳು. ಎದೆಯ ಮೇಲೆ, ಎರಡು ಹಿಮ್ಮಡಿ ಊರಿದ ಜಾಗದಲ್ಲಿ, ಚರ್ಮ ಆಗಲೇ ಕಪ್ಪಿಡುತ್ತಿತ್ತು.

"ಇದೇನ್ರೀ? ಯಾರು ಮಾಡಿದ್ದು?"

"ನಿನ್ನ ಮಗಳು."

ಅವಳು ತುಂಬ ಹೊತ್ತು ಅದನ್ನೇ ನೋಡಿದಳು. ಬೆರಳ ತುದಿಯಿಂದ ಒಂದನ್ನು ಮುಟ್ಟಿದಳು. ಅವನು ನೋವಿಗೆ ಮುಖ ಕಿವುಚಿದ.

"ಹಾಗಾದ್ರೆ ಸಮುದ್ರದಿಂದ ವಾಪಸ್ ಬರ್ತಾಳೆ ಬಿಡಿ" ಎಂದು, ಅಂಗಿಯನ್ನು ಅವನ ಕೈಗೆ ತುರುಕಿ, ಮತ್ತೆ ಅಕ್ಕಿಯ ಮುಂದೆ ಹೋಗಿ ಕೂತಳು. ಆದರೆ ಕಲ್ಲು ಆರಿಸಲು ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ.