ಮರಿಯವ್ವ ವೈರಸ್ಸಿನ ಬೆಡಗು ಕೇಳಿದಳು

ಗದಗಿನ ದವಾಖಾನೆಯಲ್ಲಿ ತಪಾಸಣೆಗೆ ರಕ್ತ ಕೊಡಲು ಕುಳಿತ ಅಂದಪ್ಪ, ‘ಬೇಕಾದಷ್ಟು ತಗೋರಿ, ನಂದು ಎತ್ತಿನ ರಕ್ತ’ ಎಂದ. ಸೂಜಿ ಕಂಡದ್ದೇ ತಡ, ನರ್ಸಮ್ಮನ ಮಡಿಲಿಗೇ ಒರಗಿದ. ಕಣ್ಣು ಬಿಟ್ಟಾಗ ಅರ್ಧ ಸಾಲು ಅವನಿಗೆ ಗಾಳಿ ಬೀಸುತ್ತಿತ್ತು. ಆಗಲೇ ರಕ್ತ ಕೊಟ್ಟು ಮುಗಿಸಿದ್ದ ಅಕ್ಕ ಮರಿಯವ್ವ, ‘ಎತ್ತು ಮಕ್ಕೊಂಡೈತಿ, ನೀರು ಕುಡಸ್ರಿ’ ಅಂದಳು.

ಮರಿಯವ್ವ ಬೆಟಗೇರಿಯಲ್ಲಿ ಖಡಕ್ ರೊಟ್ಟಿ ಬಡಿದು ಮಗ ಅರ್ಜುನನನ್ನು ಸಾಕಿದವಳು. ಗಂಡ ಸತ್ತ ಮರುದಿನವೇ ಅಳುತ್ತ ಹಿಟ್ಟು ನಾದಿದ್ದಳು. ರೊಟ್ಟಿ ಉಪ್ಪಾಗಿದೆ ಎಂದು ಗಿರಾಕಿ ತಕರಾರು ತೆಗೆದದ್ದನ್ನು ತಾನೇ ಹೇಳಿ ನಗುತ್ತಾಳೆ. ಆದರೆ ಬಸುರಿ ಸೊಸೆ ನೀಲಾಳ ರಕ್ತದಲ್ಲಿ ಹೆಪಟೈಟಿಸ್ ಬಿ ಕಂಡಾಗಿನಿಂದ ಆ ನಗು ನಿಂತಿತ್ತು. ಮುಂಡರಗಿಯಲ್ಲಿದ್ದ ನೀಲಾಳ ಅಪ್ಪನಿಗೂ ಅದೇ ರೋಗ. ಇನ್ನೇನು ಸಾಕ್ಷಿ ಬೇಕು? ನೀಲಾಳ ತಾಟು ಬೇರೆಯಾಯಿತು. ‘ತವರುಮನಿಯಿಂದ ತಂದದ್ದು, ತವರುಮನಿಗೇ ಹೋಗ್ಲಿ. ಹೆರಿಗಿ ಆದಮ್ಯಾಲೂ ಅಲ್ಲೇ ಇರ್ಲಿ’ ಎಂದು ಮರಿಯವ್ವ ತೀರ್ಪು ಕೊಟ್ಟಳು. ಅಂದಪ್ಪ ಅದನ್ನು ತನ್ನ ಹಿಟ್ಟಿನ ಗಿರಣಿಯಲ್ಲಿ ಬೀಸಿ ಓಣಿಗೆಲ್ಲ ಹಂಚಿದ. ಡಾಕ್ಟರಮ್ಮ ಮಾತ್ರ, ಎರಡೂ ಮನೆಯವರ ರಕ್ತ ನೋಡದೆ ಏನೂ ಹೇಳುವುದಿಲ್ಲ ಎಂದಿದ್ದರು.

ವರದಿ ಬಂದಾಗ ಎಲ್ಲರನ್ನೂ ಕೂರಿಸಿ ಹೇಳಿದರು: ‘ಈ ವೈರಸ್ ಮನುಷ್ಯಾರ ಜೋಡಿ ಸಾವಿರಾರು ವರ್ಷ ತಿರುಗೈತ್ರಿ. ತಿರುಗತಾ ತಿರುಗತಾ ಬದಲಾಗಿ ಹಲವು ಕವಲು ಒಡದೈತಿ.’

ಬೀಗತನಕ್ಕೆ ಮೊದಲು ಬೆಡಗನ್ನೇ, ಅಂದರೆ ಕುಲದ ಕವಲನ್ನೇ, ವಿಚಾರಿಸುವ ಮರಿಯವ್ವ ಕಿವಿ ನಿಮಿರಿಸಿದಳು. ‘ಹಂಗಂದ್ರ ಅದಕ್ಕೂ ಬೆಡಗು ಅದಾವು? ನಮ್ಮ ಸೊಸೀದು ಯಾವ ಬೆಡಗ್ರಿ?’

‘ಅವರಪ್ಪಂದು ಎ, ನೀಲಾಂದು ಡಿ. ಒಂದಕ್ಕೊಂದು ಸಂಬಂಧ ಇಲ್ಲ.’ ಡಾಕ್ಟರಮ್ಮ ವರದಿಯ ಹಾಳೆ ತಿರುವಿದರು. ‘ನಿಮ್ಮದು, ಅರ್ಜುನಂದು ಸೈತ ಡಿ. ಮೂರೂ ಅಕ್ಕತಂಗ್ಯಾರ ಹಂಗ ಹೋಲತಾವು. ಹೆರಿಗ್ಯಾಗ ನಿಮ್ಮಿಂದ ಮಗಗ, ಮಗನಿಂದ ಹೆಂಡ್ತಿಗೆ ಬಂದಿರಬೇಕು.’

‘ನನಗ ಒಂದಿನಾನೂ ಏನೂ ಆಗಿಲ್ಲಲ್ರೀ!’

‘ಭಾಳ ಮಂದಿಗೆ ಗೊತ್ತ ಆಗೂದಿಲ್ರಿ. ಊಟದಾಗ ಇದು ಹರಡೂದಿಲ್ಲ. ಕೂಸು ಹುಟ್ಟಿದ ಕೂಡ್ಲೇ ಲಸಿಕಿ ಹಾಕಸ್ರಿ, ಅದರ ತನಕ ಹೋಗದಂಗ ತಡೀಬಹುದು.’

ನೀಲಾ ನೆಲ ನೋಡುತ್ತ ಕುಳಿತಿದ್ದಳು. ತವರಿಗೆ ಒಯ್ಯುವ ಗಂಟು ಮನೆಯಲ್ಲಿ ಕಟ್ಟಿಯೇ ಇತ್ತು.

ಮನೆಗೆ ಬಂದ ಮರಿಯವ್ವ ಆ ಗಂಟು ಬಿಚ್ಚಿ ಸೀರೆಗಳನ್ನು ಹಗ್ಗಕ್ಕೆ ಹಾಕಿದಳು. ‘ಹೆರಿಗಿ ಇಲ್ಲೇ, ದೊಡ್ಡ ದವಾಖಾನ್ಯಾಗ. ಲಸಿಕಿ ಹಾಕೂಮಟ ನಾ ಬಾಗಲಾ ಬಿಟ್ಟು ಏಳೂದಿಲ್ಲ’ ಎಂದು ನೀಲಾಳ ತಲೆ ಸವರಿದಳು. ಆಮೇಲೆ ಜೋಳದ ಡಬ್ಬಿ ಹೊತ್ತು ಗಿರಣಿಗೆ ನಡೆದಳು.

ಗಿರಣಿಯ ತುಂಬ ಮಂದಿ. ಅಂದಪ್ಪನಿಗೆ ಎಲ್ಲಿ ಅಡಗಬೇಕೋ ತಿಳಿಯಲಿಲ್ಲ. ಅಕ್ಕನ ಹತ್ತಿರ ಬಂದು ಪಿಸುಗುಟ್ಟಿದ: ‘ಯಕ್ಕಾ, ನಿಮ್ಮನಿಗೆ ಈ ರೋಗ ತಂದಾವ್ರು ಯಾರಂತ ಮಂದಿಗೆ ಹೇಳ್ಲಿ ಈಗ?’

ಮರಿಯವ್ವ ಡಬ್ಬಿ ಇಳಿಸಿ, ಎಲ್ಲರಿಗೂ ಕೇಳುವಂತೆ ಅಂದಳು: ‘ನಾನ ಅಂತ ಹೇಳು. ಆ ಮನಿಗೆ ರೊಟ್ಟಿ ಹಂಚಿನಿಂದ ಹಿಡದು ಎಲ್ಲಾ ನಾನ ತಂದದ್ದು. ಇದೊಂದು ಬ್ಯಾರೇದಾವ್ರು ಯಾಕ ತರ್ತಾರ?’