ಚಿಕ್ಕಮ್ಮ ಇರುವತನಕ

ಹೋದ ಭಾನುವಾರ ಡಾಲಸ್ ಪಕ್ಕದ ಇರ್ವಿಂಗ್‌ನ ದೇವಸ್ಥಾನದಲ್ಲಿ ಪುಳಿಯೋಗರೆಯ ತಟ್ಟೆ ಹಿಡಿದು ಕೂತಿದ್ದೆ. ಪಕ್ಕದಲ್ಲಿ ಹಿರಿಯರೊಬ್ಬರು, ಆಗಷ್ಟೇ ಪರಿಚಯವಾದ ಎಳೆಯ ದಂಪತಿಯನ್ನು ವಿಚಾರಿಸಿಕೊಳ್ಳುತ್ತಿದ್ದರು. ಊರು, ಕೆಲಸ ಎಲ್ಲ ಮುಗಿದು, ನಮ್ಮವರು ತಪ್ಪದೆ ಕೇಳುವ ಪ್ರಶ್ನೆ ಬಂತು: “ಮನೆ ಸ್ವಂತದ್ದಾ, ಬಾಡಿಗೆದಾ?”

ಮನೆಗಳು ಇರುವುದು ಈ ಎರಡೇ ಬಗೆ ಎಂದು ನಾನೂ ಬಹುಕಾಲ ನಂಬಿದ್ದೆ. ಮೂರನೆಯದೊಂದು ಇದೆ ಎಂದು ತಿಳಿದದ್ದು ಹ್ಯೂಸ್ಟನ್ನಿನಲ್ಲಿ, ಚಿಕ್ಕಪ್ಪ ತೀರಿಕೊಂಡ ಮೇಲೆ. ಹೇಳುತ್ತೇನೆ ಕೇಳಿ.

ಚಿಕ್ಕಪ್ಪ ಡಾಕ್ಟರು. ಮಕ್ಕಳಿರಲಿಲ್ಲ. ಓದಲು ಬಂದ ನನ್ನನ್ನು ಅವರೂ ಚಿಕ್ಕಮ್ಮನೂ ಮಹಡಿಯ ಕೋಣೆಯಲ್ಲಿಟ್ಟುಕೊಂಡು ಸಾಕಿದರು. ಡಾಲಸ್ ಕಡೆ ಕೆಲಸ ಸಿಕ್ಕಿ ಹೊರಟಾಗ ಚಿಕ್ಕಮ್ಮ ಕಾರಿನ ಹಿಂದಿನ ಸೀಟಿನ ತುಂಬ ಸಾರಿನಪುಡಿ, ಚಟ್ನಿಪುಡಿಯ ಡಬ್ಬಿಗಳನ್ನು ಪೇರಿಸಿ ಅವುಗಳಿಗೆ ಸೀಟ್ ಬೆಲ್ಟ್ ಹಾಕಿದ್ದರು. ನನಗೆ ಹಾಕಿಕೋ ಎನ್ನುವುದನ್ನು ಮರೆತರು.

ಮದುವೆಗೆ ಮುಂಚೆಯೇ ಕೊಂಡಿದ್ದ ಆ ಮನೆಯನ್ನು ಚಿಕ್ಕಪ್ಪ ವಿಲ್‌ನಲ್ಲಿ ವಿಚಿತ್ರವಾಗಿ ಹಂಚಿದ್ದರು. ವಕೀಲರು ಅದನ್ನು ಲೈಫ್ ಎಸ್ಟೇಟ್ ಎಂದರು. ಎಸ್ಟೇಟ್ ಎಂದರೆ ಕಾಫಿ ತೋಟವೇ ಕಣ್ಣಮುಂದೆ ಬರುವ ನನಗೆ ಬಿಡಿಸಿ ಹೇಳಬೇಕಾಯಿತು. ಚಿಕ್ಕಮ್ಮ ಬದುಕಿರುವತನಕ ಮನೆ ಅವರದು, ಯಾರೂ ಎಬ್ಬಿಸುವಂತಿಲ್ಲ. ಅವರು ಹೋದ ಮರುಗಳಿಗೆಯೇ ಅದು ನನ್ನದು. ಅಷ್ಟರೊಳಗೆ ಇಡೀ ಮನೆ ಮಾರಬೇಕೆಂದರೆ ಇಬ್ಬರೂ ಸಹಿ ಹಾಕಬೇಕು. ಇಬ್ಬರಿಗೂ ಒಳ್ಳೆಯದಾಗಲಿ ಎಂದೇ ಚಿಕ್ಕಪ್ಪ ಹೀಗೆ ಮಾಡಿದ್ದು.

ಆದರೆ ನೋಡಿ, ಅವತ್ತಿನಿಂದ ನನ್ನ ಬಾಯಿ ಕಟ್ಟಿಹೋಯಿತು. ಫೋನ್ ಮಾಡಿದಾಗ “ಆರೋಗ್ಯ ಹೇಗಿದೆ?” ಎಂದು ಕೇಳಲು ನಾಲಿಗೆಯೇ ಏಳುತ್ತಿರಲಿಲ್ಲ. ಮನೆ ಯಾವಾಗ ಸಿಗುತ್ತದೆ ಎಂದು ಕೇಳಿದ ಹಾಗೆ ನನಗೇ ಕೇಳಿಸುತ್ತಿತ್ತು. ಅವರು ಕೆಮ್ಮಿದರೆ ನಾನು ಹವೆಯ ಮಾತು ತೆಗೆಯುತ್ತಿದ್ದೆ. ಹ್ಯೂಸ್ಟನ್ನಿನ ಸೆಕೆಯ ಬಗ್ಗೆ ಅಷ್ಟು ಆಸಕ್ತಿ ತೋರಿದ ಮನುಷ್ಯ ಇನ್ನೊಬ್ಬನಿರಲಾರ.

ಒಂದು ಸಲ ಹೋಗಿದ್ದಾಗ ಸೋಫಾದಲ್ಲಿ ಕೂತು ಅಡುಗೆಮನೆ ಕಡೆ ನೋಡುತ್ತಿದ್ದವನಿಗೆ, ಈ ನಡುಗೋಡೆ ಒಡೆಸಿದರೆ ಹಾಲ್ ಎಷ್ಟು ದೊಡ್ಡದಾಗುತ್ತದೆ ಎನ್ನಿಸಿಬಿಟ್ಟಿತು. ಗೋಡೆಯಾಚೆ ಚಿಕ್ಕಮ್ಮ ನನಗಾಗಿ ಬಿಸಿಬೇಳೆಭಾತಿಗೆ ಒಗ್ಗರಣೆ ಹಾಕುತ್ತಿದ್ದರು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಅಷ್ಟು ಹೊತ್ತಿಗೆ ಅವರ ಮಂಡಿ ಪೂರ್ತಿ ಕೈಕೊಟ್ಟಿತ್ತು. ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲೆ. ಅವರು ಮೆಟ್ಟಿಲ ಮೇಲೆ ಕೂತು, ಕೈ ಊರಿ, ಹಿಂದುಹಿಂದಕ್ಕೆ ಒಂದೊಂದೇ ಮೆಟ್ಟಿಲು ಏರುವುದನ್ನು ಕಂಡೆ. ಇದನ್ನು ಮಾರಿ ಮೆಟ್ಟಿಲಿಲ್ಲದ ಕಡೆ ಶಿಫ್ಟ್ ಆಗಿ ಎನ್ನಬೇಕಿತ್ತು. ಹಾಗಂದರೆ, ಮನೆ ಬಿಡಿಸುತ್ತಿದ್ದಾನೆ ಎಂದುಕೊಂಡಾರು ಎಂದು ನನಗೆ. ಮಾರೋಣವೇ ಎಂದು ಅವರು ಕೇಳಬಹುದಿತ್ತು. ಕೇಳಿದರೆ ಹುಡುಗನಿಗೆ ಬರುವುದನ್ನು ಕಿತ್ತುಕೊಂಡ ಹಾಗೆ ಎಂದು ಅವರಿಗೆ. ಹೀಗೆ ಇಬ್ಬರೂ ಸಂಕೋಚಪಟ್ಟುಕೊಂಡು ಸುಮ್ಮನಿದ್ದೆವು. ಅವರು ಮೆಟ್ಟಿಲು ಏರುತ್ತಲೇ ಇದ್ದರು.

ಕೊನೆಗೆ ಬಾಯಿಬಿಟ್ಟವರು ಅವರೇ. ನಮ್ಮವರ ಅಂಗಡಿಗಳ ಬೀದಿ ಹಿಲ್‌ಕ್ರಾಫ್ಟ್‌ನಲ್ಲಿ ತರಕಾರಿ ಕೊಂಡು ಕಾರಿಗೆ ಬಂದು ಕೂತಿದ್ದೆವು.

“ಯಾಕೋ, ಮೊದಲೆಲ್ಲ ಮಂಡಿ ಹೇಗಿದೆ, ಮಾತ್ರೆ ತಗೊಂಡ್ರಾ ಅಂತ ತಲೆ ತಿಂತಿದ್ದೆ. ಈಗ ಕೇಳೋದೇ ಇಲ್ಲ. ನಾನೇನು ತಪ್ಪು ಮಾಡಿದೆ?”

“ಅಯ್ಯೋ, ಹಾಗಲ್ಲ ಚಿಕ್ಕಮ್ಮ. ಕೇಳಿದ್ರೆ ನೀವು ಏನಂದ್ಕೋತೀರೋ ಅಂತ…”

“ಏನಂದ್ಕೋತೀನಿ?”

“ಮನೆಗೋಸ್ಕರ ಕೇಳ್ತಿದಾನೆ ಅಂತ.”

ಅವರು ಮಡಿಲಲ್ಲಿದ್ದ ಕೊತ್ತಂಬರಿ ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟಿದರು. ಆಮೇಲೆ ಹೇಳಿದರು: “ನಾನು ಬೇರೆನೇ ಅಂದ್ಕೊಂಡಿದ್ದೆ ಕಣೋ. ನಿನಗೆ ಸಂಬಂಧ ಇದ್ದಿದ್ದು ಅವರ ಜೊತೆ. ಅವರೇ ಹೋದ್ಮೇಲೆ ಇವಳ್ಯಾರು ನನಗೆ ಅನ್ನಿಸಿರಬೇಕು ಅಂತ.”

ಸ್ಟಿಯರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟೆ.

ಸ್ವಲ್ಪ ದಿನಕ್ಕೆ ವಕೀಲರ ಬಳಿ ಹೋಗಿ, ಮುಂದೆ ನನಗೆ ಬರಬೇಕಾಗಿದ್ದ ಹಕ್ಕನ್ನು ಚಿಕ್ಕಮ್ಮನ ಹೆಸರಿಗೆ ಬರೆದುಕೊಟ್ಟೆ. ಎರಡೂ ಸೇರಿ ಮನೆ ಪೂರ್ತಿ ಅವರದಾಯಿತು. ಇನ್ನೊಮ್ಮೆ ಯೋಚಿಸಿ ಎಂದು ವಕೀಲರು ಎಚ್ಚರಿಸಿದರು. ಚಿಕ್ಕಮ್ಮ ಬೇಡವೇ ಬೇಡವೆಂದು ಜಗಳವಾಡಿದರು. ಇದನ್ನು ನನ್ನ ದೊಡ್ಡತನ ಎಂದು ತಿಳಿಯಬೇಡಿ. ಅವರ ಜೊತೆ ಮೊದಲಿನ ಹಾಗೆ ಮಾತಾಡದೆ ನನಗೆ ಇರಲಾಗುತ್ತಿರಲಿಲ್ಲ, ಅಷ್ಟೆ. ಆಮೇಲೆ ಅವರು ಮನೆ ಮಾರಿ, ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ತಂಗಿಯ ಮನೆ ಹತ್ತಿರ ಕೆಳಮಹಡಿಯ ಅಪಾರ್ಟ್‌ಮೆಂಟಿಗೆ ಹೋದರು.

ಭಾನುವಾರ ದೇವಸ್ಥಾನದ ಊಟ ಮುಗಿಸಿ ಹೊರಗೆ ಬಂದವನು ಅಲ್ಲಿಂದಲೇ ಫೋನ್ ಮಾಡಿದೆ. “ಹೇಗಿದ್ದೀರಿ ಚಿಕ್ಕಮ್ಮ?” ಎಂದದ್ದೇ ತಡ, ಮಂಡಿಯಿಂದ ಶುರುಮಾಡಿದರು. ಅಲ್ಲಿಂದ ಶುಗರ್, ಬಾರದ ನಿದ್ದೆ, ಎಡಗಣ್ಣಿನ ಪೊರೆ. ಬಿಸಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ಕೊನೆಗೆ, “ನಾನಿನ್ನು ಜಾಸ್ತಿ ದಿನ ಇರಲ್ಲ ಬಿಡೋ” ಎಂದರು.

“ಸುಮ್ನಿರಿ, ಹಾಗೆಲ್ಲ ಅನ್ಬೇಡಿ!” ಎಂದು ಗದರಿದೆ. ಕಾರುಗಳ ಮಧ್ಯೆ ಹೋಗುತ್ತಿದ್ದವರು ತಿರುಗಿ ನೋಡುವಷ್ಟು ಜೋರಾಗಿ. ಚಿಕ್ಕಮ್ಮ ಹೋದ ದಿನ ನನ್ನ ಪಾಲಿಗೆ ಬರುವುದು ಇನ್ನು ದುಃಖವೊಂದೇ.