ಬರಿಗಾಲಕ್ಕನ ಸಿಟ್ಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮರಗಳ ಬುಡದ ಕತ್ತಲು ಈಗಷ್ಟೇ ತಿಳಿಯಾಗುತ್ತಿದೆ. ಕಾಲುದಾರಿಯ ಮೇಲೆ ಹೆಂಗಸೊಬ್ಬಳು ಮಂಡಿಯೂರಿ, ಎರಡೂ ಅಂಗೈಗಳನ್ನು ನೆಲಕ್ಕೆ ಒತ್ತುತ್ತ, ಸವರುತ್ತ, ಇಷ್ಟಿಷ್ಟೇ ಮುಂದೆ ಸರಿಯುತ್ತಿದ್ದಾಳೆ. ದೂರದಿಂದ ನೋಡಿದವರು ಓಲೆಯ ತಿರುಪು ಕಳೆದುಕೊಂಡಿದ್ದಾಳೇನೋ ಅಂದುಕೊಳ್ಳಬೇಕು. ಒದ್ದೆ ಎಲೆಗಳ ಕೆಳಗೆ ಕೈಗೆ ಏನೋ ಚುಚ್ಚುತ್ತದೆ. ಎತ್ತಿ ನೋಡಿದರೆ ಸೋಡಾ ಬಾಟಲಿಯ ಮುಚ್ಚಳ, ಹಲ್ಲು ಮೇಲೆ ಮಾಡಿಕೊಂಡು ಕೂತಿತ್ತು. "ನಿನ್ನ ಹಾಸಿಗೆ ಮೇಲೆ ಎಸ್ಕೊಂಡು ಮಲ್ಕೋ ಹೋಗು," ಎಂದು ಅದನ್ನು ಎಸೆದವನಿಗೆ ಬೈದು, ಮುಚ್ಚಳವನ್ನು ಸೊಂಟದ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಮತ್ತೆ ಅಂಗೈ ನೆಲಕ್ಕೆ.

ಪಟ್ಟಣದ ಅಂಚಿನ ಈ ಉದ್ಯಾನವನಕ್ಕೆ ಜನ ಬರುವುದೇ ಬರಿಗಾಲಲ್ಲಿ ನಡೆಯಲು. ಗೇಟಿನ ಬಳಿ ಚಪ್ಪಲಿ, ಬೂಟು ಬಿಟ್ಟು ಟೋಕನ್ ತೆಗೆದುಕೊಂಡರೆ ಮೊದಲು ಮರದ ತೊಗಟೆಯ ಚೂರು ಹಾಸಿದ ದಾರಿ, ಆಮೇಲೆ ನುಣ್ಣನೆಯ ಬೆಣಚುಕಲ್ಲು, ಆಮೇಲೆ ಕೆಸರು, ಅದು ದಾಟಿದರೆ ತೊರೆಯ ಪಕ್ಕದಲ್ಲೇ ಸಾಗುವ ಅಪ್ಪಟ ಕಾಡುದಾರಿ. ಪಾಚಿಯ ಮೇಲೆ ಕಾಲಿಟ್ಟು "ಆಹಾ" ಅನ್ನುವವರ ಫೋಟೋಗಳು ಉದ್ಯಾನವನದ ಗೋಡೆಯ ತುಂಬ ಇವೆ. ಆ ಕಾಲುಗಳಿಗೆ ಮುಂಚೆ ಆ ಪಾಚಿಯನ್ನು ಮುಟ್ಟಿ ನೋಡಿದವಳ ಫೋಟೋ ಎಲ್ಲೂ ಇಲ್ಲ.

ದಾಖಲೆಯಲ್ಲಿ ಆಕೆ ಕಸ ಗುಡಿಸುವವಳು. ನಡೆಯಲು ಬರುವ ಮಕ್ಕಳ ಬಾಯಲ್ಲಿ ಬರಿಗಾಲಕ್ಕ. ಬೆನ್ನ ಹಿಂದೆ ಆಫೀಸಿನವರು ಕರೆಯುವುದು ಮೆಣಸಿನಕಾಯಿ ಎಂದು. ಅದು ಆಕೆಗೆ ಗೊತ್ತಿದೆ, ಬೇಜಾರೂ ಇಲ್ಲ. "ಸಿಹಿಯಾಗಿದ್ದಾಗ ಯಾರು ಕೇಳಿದ್ರು ನನ್ನ?" ಎನ್ನುತ್ತಾಳೆ.

ಗಂಡನ ಜತೆ ಬಟ್ಟೆ ಇಸ್ತ್ರಿ ಮಾಡಿಕೊಂಡಿದ್ದವಳು ಈ ಕೆಲಸಕ್ಕೆ ಸೇರಿದ್ದು ಮಗಳ ಮದುವೆಯಾದ ವರ್ಷ. ಪೊರಕೆ ಕೊಟ್ಟು ಗುಡಿಸು ಅಂದರು, ಗುಡಿಸಿದಳು. ಪೊರಕೆ ಎಲೆಯನ್ನು ಸರಿಸುತ್ತದೆ, ಮುಳ್ಳನ್ನು ಅಲ್ಲೇ ಬಿಡುತ್ತದೆ. ಅದು ಕಂಡ ಮೇಲೆ ದಿನವೂ ಗೇಟು ತೆರೆಯುವ ಮುಂಚೆ ದಾರಿಯುದ್ದಕ್ಕೂ ತಾನೇ ಬರಿಗಾಲಲ್ಲಿ ನಡೆಯತೊಡಗಿದಳು. ಯಾರೂ ಹೇಳಿರಲಿಲ್ಲ. ನೆಲದ ಬಿಸಿ, ತಂಪು, ಎಲ್ಲಿ ಹೊಸದಾಗಿ ಬೇರು ತಲೆ ಎತ್ತಿದೆ, ಎಲ್ಲಿ ಇರುವೆ ಗೂಡು ಕಟ್ಟಿದೆ, ಎಲ್ಲ ಅಂಗಾಲಿಗೆ ತಿಳಿಯುತ್ತಿತ್ತು. "ಮನೇಲಿ ಬರೀ ಗಲಾಟೆ. ಇಲ್ಲಿ ನಡೆಯೋವಾಗ ಮಾತ್ರ ನಾನೂ ಒಬ್ಬಳು ಮನುಷ್ಯಳು ಅನ್ನಿಸ್ತಿತ್ತು."

ಹೋದ ವರ್ಷ ಎಡಗಾಲು ಕೈಕೊಟ್ಟಿತು. ಸಕ್ಕರೆ ಕಾಯಿಲೆ. ಮೊದಲು ಜುಮುಜುಮು, ಆಮೇಲೆ ಏನೂ ಇಲ್ಲ. ಹತ್ತಿಯ ಮೇಲೆ ನಿಂತ ಹಾಗೆ. ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬೇಡಿ ಎಂದು ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದರು. ಬರಿಗಾಲಕ್ಕ ಅದನ್ನು ಮುಚ್ಚಿಡಲಿಲ್ಲ. ನೇರ ಮ್ಯಾನೇಜರ್ ಬಳಿ ಹೋಗಿ ಹೇಳಿದಳು. ಇನ್ನೊಬ್ಬರನ್ನು ಜತೆಗೆ ಕೊಡಿ, ಮುಂದೆ ಅವರು ನಡೀಲಿ, ಹಿಂದೆ ನಾನು ನೋಡ್ಕೋತೀನಿ ಎಂದು ಕೇಳಿದಳು. ಮ್ಯಾನೇಜರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕರು. "ಬಲಗಾಲು ಚೆನ್ನಾಗಿದೆಯಲ್ಲಮ್ಮ, ಅದರಲ್ಲೇ ಸುಧಾರಿಸಿ."

ಸುಧಾರಿಸಿದಳು. ಬಲಗಾಲನ್ನೇ ಮುಂದಿಟ್ಟು, ಒಂದೊಂದು ಜಾಗವನ್ನೂ ಎರಡೆರಡು ಸಲ ತುಳಿದು.

ಆಗ ನಡೆದದ್ದು ಒಂದು ಭಾನುವಾರದ ಘಟನೆ. ಹತ್ತು ವರ್ಷದ ಆಸುಪಾಸಿನ ಹುಡುಗಿಯೊಬ್ಬಳು ತೊರೆಯ ತಿರುವಿನಲ್ಲಿ ಓಡಿಬಂದು ಕಾಲಿಟ್ಟಳು, ಕಿಟಾರನೆ ಕಿರುಚಿದಳು. ಬರಿಗಾಲಕ್ಕ ಹೋಗಿ ನೋಡುವಷ್ಟರಲ್ಲಿ ಅಂಗಾಲು ಸೀಳಿ, ಪಾಚಿ ಕೆಂಪಾಗಿತ್ತು. ತನ್ನ ತಲೆವಸ್ತ್ರ ಬಿಚ್ಚಿ ಗಾಯಕ್ಕೆ ಬಿಗಿದು, ಮಗುವನ್ನು ಎತ್ತಿಕೊಂಡು ಗೇಟಿನವರೆಗೂ ಓಡಿದಳು. ಹೊಲಿಗೆ ಬಿದ್ದವು. ನರಕ್ಕೂ ಪೆಟ್ಟಾಗಿದೆ, ಮೊದಲಿನ ಹಾಗೆ ಓಡಲು ತಿಂಗಳುಗಳೇ ಬೇಕು ಅಂದರು ಆಸ್ಪತ್ರೆಯವರು.

ಚುಚ್ಚಿದ್ದು ತೆಳುವಾದ ಗುಲಾಬಿ ಬಣ್ಣದ ಗಾಜು. ಬರಿಗಾಲಕ್ಕ ವಾಪಸ್ ಹೋಗಿ ಹುಡುಕಿದಾಗ ದಾರಿಯ ಪಕ್ಕದ ಪೊದೆಯಲ್ಲಿ ಅದೇ ಬಣ್ಣದ ಇನ್ನಷ್ಟು ಚೂರುಗಳು ಸಿಕ್ಕವು, ಜತೆಗೆ ಅಲಂಕಾರದ ಲಾಟೀನಿನ ಹಿಡಿಯ ತಂತಿ. ಆ ಬೆಳಿಗ್ಗೆ ತನ್ನ ಸುತ್ತು ಮುಗಿದ ಮೇಲೆ, ಗೇಟು ತೆರೆಯುವ ಮುಂಚೆ, ಮದುವೆಯ ಜೋಡಿಯೊಂದನ್ನು ಕರೆದುಕೊಂಡು ಫೋಟೋದವರು ಹಿಂಬಾಗಿಲಿನಿಂದ ಒಳಗೆ ಬಂದದ್ದು ಆಕೆಗೆ ನೆನಪಿತ್ತು. ಅವರನ್ನು ಒಳಗೆ ಬಿಡಲು ಹೇಳಿದ್ದು ಸ್ವತಃ ಮ್ಯಾನೇಜರ್. ಚೂರುಗಳನ್ನು ತಂದು ಅವರ ಮೇಜಿನ ಮೇಲೆ ಸುರಿದಳು.

ಮ್ಯಾನೇಜರ್ ಅದರ ಕಡೆ ನೋಡಲೂ ಇಲ್ಲ. "ಅದಿರಲಿ. ನಿಮ್ಮ ಕಾಲು ಹೇಗಿದೆ ಹೇಳಿ," ಅಂದರು.

ಇದನ್ನು ಹೇಳುವಾಗ ಈಗಲೂ ಬರಿಗಾಲಕ್ಕ ಅಂಗೈಯಿಂದ ನೆಲಕ್ಕೆ ಬಡಿಯುತ್ತಾಳೆ. "ಗಾಜು ಎದುರಿಗೇ ಬಿದ್ದಿದೆ. ಯಾರು ತಂದ್ರು ಅಂತ ಕೇಳ್ಬೇಕೋ ಬೇಡ್ವೋ? ನನ್ನ ಕಾಲು ಹೇಗಿದೆ ಅಂತೆ! ಹೋದ ವರ್ಷ ಹೇಳ್ದಾಗ ಹಲ್ಲು ಕಿರಿದವರಿಗೆ ಅವತ್ತು ನನ್ನ ಕಾಲಿನ ಮೇಲೆ ಪ್ರೀತಿ ಉಕ್ಕಿಬಿಡ್ತು."

ಸಂಜೆಯ ಹೊತ್ತಿಗೆ ಕಾಲಿಗೆ ಸ್ಪರ್ಶವಿಲ್ಲದ ಕೆಲಸದಾಕೆಯ ನಿರ್ಲಕ್ಷ್ಯ ಎಂಬ ಮಾತು ಎಲ್ಲ ಕಡೆ ಹರಡಿತ್ತು. ಮನೆಯಲ್ಲಿರಿ, ಮುಂದೆ ಹೇಳುತ್ತೇವೆ ಎಂದು ಕಳುಹಿಸಿದರು. ಮಗುವನ್ನು ನೋಡೋಣ ಎಂದು ಹಣ್ಣು ಹಿಡಿದುಕೊಂಡು ಹೋದರೆ ತಾಯಿ ಅರ್ಧ ಬಾಗಿಲು ತೆರೆದಳು. "ಕಾಲಿಗೆ ಗೊತ್ತಾಗ್ದಿದ್ರೆ ಕೆಲಸ ಬಿಟ್ಟು ಹೋಗ್ಬೇಕಿತ್ತು. ನನ್ನ ಮಗಳ ಕಾಲು ಯಾಕೆ ತೆಗೆದೆ?" ಅಂದವಳೇ ಬಾಗಿಲು ಮುಚ್ಚಿದಳು. ಹಣ್ಣಿನ ಚೀಲ ಮೆಟ್ಟಿಲ ಮೇಲೇ ಉಳಿಯಿತು.

ಆ ತಾಯಿಯ ಮೇಲೆ ಬರಿಗಾಲಕ್ಕನಿಗೆ ಸಿಟ್ಟಿಲ್ಲ. ಆದರೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಗಾಜು ಆಮೇಲೆ ಬಂದದ್ದು ಎಂದು ಗೊತ್ತಿದ್ದೂ, ಇಸ್ತ್ರಿಯ ಮೇಜಿನ ಮುಂದೆ ನಿಂತಾಗಲೆಲ್ಲ ಒಂದು ಪ್ರಶ್ನೆ ಕೊರೆಯುತ್ತಿತ್ತು: ಒಂದು ವೇಳೆ ಮೊದಲೇ ಇದ್ದಿದ್ದರೆ? ಈ ಸತ್ತ ಕಾಲು ಅದರ ಮೇಲೇ ಹಾದುಹೋಗಿದ್ದರೆ? "ಕೆಲಸ ಕಿತ್ಕೊಂಡ್ರು, ಅದು ಬಿಡಿ. ನನ್ನ ಮೇಲೆ ನನಗೇ ಅನುಮಾನ ಬರೋ ಹಾಗೆ ಮಾಡಿದ್ರಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯೋದು."

ಮನೆಯಲ್ಲಿ ಕೂರಲಾಗಲಿಲ್ಲ. ತನ್ನ ಜಾಗಕ್ಕೆ ಎಲೆ ಊದುವ ಮಿಷನ್ ತಂದಿದ್ದಾರೆ ಎಂದು ಕೇಳಿದ ಮರುದಿನವೇ, ನಸುಕಿನಲ್ಲಿ ಉದ್ಯಾನವನದ ಪಕ್ಕದ ಗೇಟಿನ ಮುಂದೆ ಹೋಗಿ ನಿಂತಳು. ಆ ಗೇಟಿನ ಬೀಗದ ಕೈ ಇರುವುದು ಚಪ್ಪಲಿ ಕಾಯುವವಳ ಬಳಿ. ಆಕೆ ಬೇರೆ ಯಾರೂ ಅಲ್ಲ, ಗಂಡನ ತಂಗಿ.

ಈ ಅತ್ತಿಗೆ ನಾದಿನಿಯರ ನಡುವೆ ನಾಲ್ಕು ವರ್ಷದಿಂದ ಮಾತಿರಲಿಲ್ಲ. ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಹಾಸಿಗೆ ಹಿಡಿದು ತೀರಿಕೊಂಡಾಗ, ನೆಲ ಒರೆಸದೆ ಬಿಟ್ಟವಳು ನೀನೇ ಎಂದು ನಾದಿನಿ ಎಲ್ಲರೆದುರು ಕೂಗಿದ್ದಳು. ಅಂದಿನಿಂದ ಒಂದೇ ಕಡೆ ಕೆಲಸ, ಒಂದೇ ಬಸ್ಸು, ಮುಖ ಮಾತ್ರ ಒಬ್ಬರದು ಆ ಕಿಟಕಿಗೆ, ಇನ್ನೊಬ್ಬರದು ಈ ಕಿಟಕಿಗೆ. ಆ ನಸುಕಿನಲ್ಲೂ ನಾದಿನಿ ಮಾತಾಡಲಿಲ್ಲ. ಸುಮ್ಮನೆ ಬೀಗ ತೆಗೆದು ಪಕ್ಕಕ್ಕೆ ಸರಿದಳು.

ಬರಿಗಾಲಕ್ಕ ಅವತ್ತು ಚಪ್ಪಲಿ ಬಿಚ್ಚಲಿಲ್ಲ. ದಾರಿಯ ಮೊದಲಲ್ಲೇ ಮಂಡಿಯೂರಿ ಕೈಯಿಟ್ಟಳು. ಕಾಲನ್ನು ನಂಬುವ ಧೈರ್ಯ ಉಳಿದಿರಲಿಲ್ಲ. ಮರುದಿನವೂ ಹಾಗೇ, ಅದರ ಮರುದಿನವೂ. ಮಂಡಿ ತರಚಿತು, ಅಂಗೈ ಒಡೆಯಿತು. ಸಂಬಳವಿಲ್ಲ, ಕರೆದವರಿಲ್ಲ.

ಒಂದು ಬೆಳಿಗ್ಗೆ ತೊರೆಯ ತಿರುವಿನಲ್ಲಿ ಹಿಂದಿನಿಂದ ದನಿ ಕೇಳಿತು. "ಅತ್ತಿಗೆ, ಏಳು."

ತಿರುಗಿ ನೋಡಿದರೆ ನಾದಿನಿ. "ಲಾಟೀನು ಒಡೆದದ್ದು ನಾನು ನೋಡಿದೀನಿ. ಆ ಫೋಟೋದವನು ಮರಕ್ಕೆ ಕಟ್ಟೋಕೆ ಹೋದ, ಕೈ ಜಾರ್ತು. ದೊಡ್ಡ ಚೂರುಗಳನ್ನ ಕಾಲಲ್ಲಿ ಪೊದೆಗೆ ತಳ್ಳಿದ್ರು. ನಿನ್ನ ಸುತ್ತು ಆಗ ಮುಗಿದಿತ್ತು."

ಬರಿಗಾಲಕ್ಕ ಎದ್ದು ನಿಂತಳು. ಕೆಸರು ಮೆತ್ತಿದ ಕೈಯಲ್ಲೇ ನಾದಿನಿಯ ರಟ್ಟೆ ಹಿಡಿದಳು. "ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಸಿಟ್ಟು," ಅಂದಳು ನಾದಿನಿ.

ಇಬ್ಬರೂ ಅಲ್ಲೇ ಜಗಳಾಡಿದರು. ನಾಲ್ಕು ವರ್ಷದ್ದೆಲ್ಲ ಹೊರಬಿತ್ತು. ಬಚ್ಚಲ ನೆಲ, ಅತ್ತೆ, ಕಾರ್ಯದ ದಿನ ಯಾರು ಯಾರನ್ನು ನೋಡದೆ ಹೋದರು, ಎಲ್ಲ. ಹಕ್ಕಿಗಳು ಹಾರಿಹೋಗುವಷ್ಟು ಕೂಗಾಡಿದರು. ಅಳು ಬಂದದ್ದು ಯಾರಿಗೆ ಮೊದಲು ಎಂಬ ಬಗ್ಗೆ ಇಬ್ಬರೂ ಒಂದೊಂದು ಹೇಳುತ್ತಾರೆ.

ಆಫೀಸಿಗೆ ಹೋಗಿ ಹೇಳಿದರೆ ಮ್ಯಾನೇಜರ್, ಈಗ ಯಾಕೆ ಬಾಯಿ ಬಿಡ್ತಿದೀರಿ, ನೀವಿಬ್ಬರೂ ಸಂಬಂಧಿಕರಲ್ಲವೇ ಅಂದರು. ನಾದಿನಿ ನೇರ ಬಂದು ತನ್ನ ಕಟ್ಟೆಯ ಹಿಂದೆ ಕೂತಳು. ಅವತ್ತು ಭಾನುವಾರ, ಉದ್ದ ಸಾಲು. ಬಂದ ಒಬ್ಬೊಬ್ಬರಿಗೂ ಚಪ್ಪಲಿ ತೆಗೆದುಕೊಳ್ಳುತ್ತ ಹೇಳಿದಳು: "ಗಾಜು ಒಡೆದದ್ದು ಫೋಟೋದವರು. ಹಿಂಬಾಗಿಲಿಂದ ಬಿಟ್ಟದ್ದು ಆಫೀಸು. ಮನೆಗೆ ಕಳಿಸಿದ್ದು ನಮ್ಮತ್ತಿಗೇನ. ತಗೊಳ್ಳಿ ಟೋಕನ್." ಮಧ್ಯಾಹ್ನದವರೆಗೂ ಅದೇ ಮಾತು, ಅದೇ ದನಿ. ಕೆಲವರು ಟೋಕನ್ ಹಿಡಿದು ದಾರಿಗೆ ಹೋಗುವ ಬದಲು ಆಫೀಸಿಗೆ ಹೋದರು. ಊಟದ ಹೊತ್ತು ಮೀರಿತು, ಸಾಲು ಆಫೀಸಿನ ಬಾಗಿಲಲ್ಲಿ ಬೆಳೆಯಿತು. ಸಂಜೆ ಬರಿಗಾಲಕ್ಕನಿಗೆ ಫೋನ್ ಬಂತು: ನಾಳೆಯಿಂದ ಬನ್ನಿ.

ಅಷ್ಟೇ. ತಪ್ಪಾಯಿತು ಎಂಬ ಒಂದು ಮಾತಿಲ್ಲ. ಗಾಜಿನ ಸಾಮಾನು ತರಬಾರದು ಎಂದು ಬೋರ್ಡು ಹಾಕಿದ್ದಾರೆ, ಐಸ್‌ಕ್ರೀಮಿನ ಚಿತ್ರದ ಕೆಳಗೆ, ಕಣ್ಣು ಕಿರಿದು ಮಾಡಿ ಓದುವಷ್ಟು ಸಣ್ಣ ಅಕ್ಷರದಲ್ಲಿ. ಫೋಟೋದವರು ಈಗಲೂ ಬರುತ್ತಾರೆ. ಬರಿಗಾಲಕ್ಕ ಈಗಲೂ ಅಂಗೈಯಲ್ಲೇ ದಾರಿ ನೋಡುತ್ತಾಳೆ. ಮಂಡಿಗೆ ಕಟ್ಟಲು ದಪ್ಪ ಬಟ್ಟೆಯ ದಿಂಬು ಹೊಲಿದುಕೊಟ್ಟವಳು ನಾದಿನಿ. ಜತೆಗೆ ಇನ್ನೊಬ್ಬರನ್ನು ಕೊಡಿ ಎಂಬ ಬೇಡಿಕೆಗೆ ಇನ್ನೂ ಉತ್ತರವಿಲ್ಲ.

ಏನಾದರೂ ಆಸೆ ಇದೆಯಾ ಎಂದು ಕೇಳಿದರೆ ಆಕೆ ತಡವರಿಸುವುದಿಲ್ಲ. "ಆ ಮಗು ಮನೆಗೆ ಆಫೀಸಿನವರು ಹೋಗ್ಬೇಕು. ಹೋಗಿ, ಇದು ಆ ಕೆಲಸದವಳ ತಪ್ಪಲ್ಲ, ನಮ್ಮದು ಅಂತ ಆ ತಾಯಿಗೆ ಹೇಳ್ಬೇಕು. ನಾನೇ ಹೋದ್ರೆ ನೆಪ ಹೇಳೋಕೆ ಬಂದ್ಲು ಅಂತಾರೆ. ಆ ತಾಯಿ ಈಗಲೂ ನನ್ನನ್ನೇ ಬೈಕೊಂಡು ಆ ಕಾಲಿಗೆ ಎಣ್ಣೆ ಹಚ್ತಿರ್ತಾಳೆ."

ಪ್ರತಿ ಸೋಮವಾರ ಆಕೆ ಇದನ್ನು ಕೇಳಲು ಆಫೀಸಿಗೆ ಹೋಗುತ್ತಾಳೆ. ಹಳೆ ಕಥೆ ಯಾಕೆ ಕೆದಕ್ತೀರಿ ಎಂಬ ಉತ್ತರ ಕೇಳಿ ಹೊರಗೆ ಬರುತ್ತಾಳೆ. ಇವತ್ತೂ ಸೋಮವಾರ, ಗೇಟು ತೆರೆದಾಗಿದೆ. ಮಾತು ಅರ್ಧಕ್ಕೇ ನಿಲ್ಲಿಸಿ, ಕೈಯ ಮಣ್ಣು ಕೊಡವಿಕೊಂಡು ಬರಿಗಾಲಕ್ಕ ಏಳುತ್ತಾಳೆ. "ಇವತ್ತು ಬೇರೆ ಏನಾದ್ರೂ ಹೇಳ್ತಾರೆ ಅಂತಲ್ಲ. ಮರೆತ್ಲು ಅಂದ್ಕೋಬಾರ್ದು ನೋಡಿ."

ಚಪ್ಪಲಿ ಕಟ್ಟೆಯ ಹಿಂದಿನಿಂದ ನಾದಿನಿ ಕೂಗುತ್ತಾಳೆ, "ತಡಿ ಅತ್ತಿಗೆ, ನಾನೂ ಬರ್ತೀನಿ." ಸಾಲಿನಲ್ಲಿ ನಿಂತವರತ್ತ ತಿರುಗಿ, "ಐದು ನಿಮಿಷ. ನಿಮ್ಮ ನಿಮ್ಮ ಚಪ್ಪಲಿ ನೀವೇ ಹಿಡ್ಕೊಳ್ಳಿ," ಎಂದು ಕಟ್ಟೆಯ ಬಾಗಿಲು ಎಳೆದುಕೊಳ್ಳುತ್ತಾಳೆ.